ಲಕ್ಷದ ಮೇಲೊಂದು ಬತ್ತಿ

ಒಂದು ಬತ್ತಿ. ಬರೀ ಒಂದು. ಅದಕ್ಕಾಗಿ ನನ್ನ ಹೆಂಡತಿಯೂ ಪಕ್ಕದ ಮನೆಯ ಶಾಂತಕ್ಕನೂ ಮಾತು ಬಿಟ್ಟಿದ್ದರು ಅಂದರೆ ನಂಬುತ್ತೀರಾ?

ನವನಗರದ ನಮ್ಮ ಓಣಿಯಲ್ಲಿ ಈ ಕಾರ್ತಿಕಕ್ಕೆ ಲಕ್ಷಬತ್ತಿ. ಹತ್ತು ಮನೆಯ ಹೆಂಗಸರು ಕೂಡಿ ಬತ್ತಿ ಹೊಸೆದು ಈಶ್ವರನ ಗುಡಿಯಲ್ಲಿ ಹಚ್ಚುವುದು. ತಲೆಗೆ ಹತ್ತು ಸಾವಿರ. ಲೆಕ್ಕ ಕ್ಲೀನ್. ಆದರೆ ಓಣಿಯ ಹಿರಿಯಳು ನೀಲವ್ವಾಯಿ ಸುಮ್ಮನಿರಬೇಕಲ್ಲ!

"ದೇವ್ರಿಗೆ ಯಾರರ ಸೊನ್ನಿ ಕೊಡ್ತಾರೇನ? ಲಕ್ಷದ ಮ್ಯಾಲ ಒಂದು ಇರ್ಲಿ" ಅಂದಳು. (ಮದುವೆಯ ಆಯೇರಿ ಲಕೋಟೆಗೂ ನೂರರ ಮೇಲೊಂದು ರೂಪಾಯಿ ಇಡುವ ಜನ ನಾವು. ವಾದ ಮಾಡುವಂತಿಲ್ಲ.)

ಸರಿ, ಆ ಮೇಲಿನದೊಂದು ಯಾರದು?

"ಹತ್ತಿ ನಮ್ಮ ಹೊಲದ್ದು. ಕಡೀ ಬತ್ತಿ ನಂದ" ಅಂದಳು ಶಾಂತಕ್ಕ.

"ಮಂದೀನೆಲ್ಲಾ ಕೂಡಿಸಿದಾಕಿ ನಾನು" ಅಂದಳು ನನ್ನವಳು.

ಮುಗಿಯಿತು. ಕಾಂಪೌಂಡಿನ ಮೇಲಿಂದ ಬರುತ್ತಿದ್ದ ಶೇಂಗಾ ಚಟ್ನಿ ಬಂದ್. ಸಂಜೆ ಇಬ್ಬರೂ ಕೂಡಿ ಕುಡಿಯುವ ಚಹಾ ಬಂದ್. ಚಟ್ನಿ ಹೋಗಲಿ ಬಿಡಿ, ಇವಳು ಹಿತ್ತಲ ಕಟ್ಟೆಯ ಮೇಲೆ ಒಬ್ಬಳೇ ಕಪ್ಪು ಹಿಡಿದು ಕುಳಿತಿದ್ದು ನನಗೇ ನೋಡಲಾಗಲಿಲ್ಲ. ಇಪ್ಪತ್ತು ವರ್ಷದ ಗೆಳೆತನ ಒಂದು ಬತ್ತಿಗೆ ಸುಟ್ಟುಹೋಗಬೇಕೇ?

ಮೊಬೈಲಿನ ಕ್ಯಾಲ್ಕ್ಯುಲೇಟರ್ ತೆಗೆದೆ. ಒಂದು ಲಕ್ಷದ ಒಂದು. ಮಹಾ ಹಟಮಾರಿ ಸಂಖ್ಯೆ! ಎರಡರಿಂದ ಹೋಗುವುದಿಲ್ಲ, ಮೂರರಿಂದಿಲ್ಲ, ಐದರಿಂದಿಲ್ಲ, ಏಳಕ್ಕೆ ಆರು ಉಳಿಯುತ್ತದೆ. ಆಗ ಸಾಲೆಯಲ್ಲಿ ಕಲಿತದ್ದೊಂದು ನೆನಪಾಯಿತು. ಒಂದು ಬಿಟ್ಟು ಒಂದು ಅಂಕಿ ಕೂಡಿಸಬೇಕು. ಎರಡೂ ಮೊತ್ತ ಒಂದೇ ಬಂದರೆ ಆ ಸಂಖ್ಯೆ ಹನ್ನೊಂದರಿಂದ ಭಾಗವಾಗುತ್ತದೆ. ಇಲ್ಲಿ ಈ ತುದಿಗೊಂದು ಒಂದು, ಆ ತುದಿಗೊಂದು ಒಂದು, ನಡುವೆ ನಾಲ್ಕು ಸೊನ್ನೆ. ಎರಡೂ ಮೊತ್ತ ಒಂದೇ!

ಗುಡಿಗೆ ಓಡಿದೆ. ಹೆಂಗಸರೆಲ್ಲ ಅಲ್ಲೇ ಇದ್ದರು. ನನ್ನವಳು ಈ ಕಂಬಕ್ಕೆ, ಶಾಂತಕ್ಕ ಆ ಕಂಬಕ್ಕೆ.

"ಹನ್ನೊಂದು ಮಂದಿ ಹೊಸೀರಿ! ತಲಿಗೆ ಒಂಬತ್ತು ಸಾವಿರದ ತೊಂಬತ್ತೊಂದು. ಒಂದೂ ಹೆಚ್ಚಿಗಿ ಉಳಿಯೂದಿಲ್ಲ!"

ನೀಲವ್ವಾಯಿ ತಲೆದೂಗಿದಳು. ನಾನು ಉಬ್ಬಿಹೋದೆ.

"ಖರೇನ ಛಲೋ ಲೆಕ್ಕರೀ ಅಣ್ಣಾರ" ಅಂದಳು ಶಾಂತಕ್ಕ. "ಆದ್ರ ಹನ್ನೊಂದನೇದವ್ರು ಯಾರು?"

ನನ್ನವಳು ಶಾಂತಕ್ಕನ ಮುಖ ನೋಡಿದಳು. ಶಾಂತಕ್ಕ ಇವಳ ಮುಖ ನೋಡಿದಳು. ಇಬ್ಬರಿಗೂ ಒಟ್ಟಿಗೇ ನಗು ಬಂತು.

"ಇವ್ರ ಅದಾರಲ್ಲ! ದಿನಾ ಮನ್ಯಾಗ ಕುಂತ ಬರ್ಯೂದ ಬಿಟ್ರ ಬ್ಯಾರೆ ಏನ್ ಕೆಲ್ಸ ಐತಿ ಇವ್ರಿಗೆ?" ಅಂದಳು ನನ್ನವಳು, ನನ್ನ ಕಡೆ ಬೆರಳು ಮಾಡಿ.

"ಆಯೀ, ಗಂಡಸರು ಬತ್ತಿ ಹೊಸೀತಾರೇನ?" ಅಂದೆ, ಗಾಬರಿಯಿಂದ.

"ಯಾಕಪಾ, ಈಶ್ವರ ಗಂಡಸಲ್ಲೇನು?" ಅಂದಳು ನೀಲವ್ವಾಯಿ.

ಈಗ ಪಡಸಾಲೆಯಲ್ಲಿ ಹತ್ತಿಯ ರಾಶಿಯ ಮುಂದೆ ಕುಳಿತಿದ್ದೇನೆ. ಹಿತ್ತಲಲ್ಲಿ ಇಬ್ಬರೂ ಚಹಾ ಕುಡಿಯುತ್ತ ಕಿಲಕಿಲ ನಗುತ್ತಿದ್ದಾರೆ. ಕೇಳಲು ಹಿತವಾಗಿದೆ, ಸುಳ್ಳೇಕೆ ಹೇಳಲಿ. ಆದರೆ ಬತ್ತಿ ಹೊಸೆದು ಹೊಸೆದು ತೊಡೆಯೆಲ್ಲ ಉರಿಯುತ್ತಿದೆ. ನನ್ನ ಪಾಲನ್ನಾದರೂ ಯಾರಿಗಾದರೂ ಸಮನಾಗಿ ಹಂಚೋಣವೆಂದು ಮತ್ತೆ ಕ್ಯಾಲ್ಕ್ಯುಲೇಟರ್ ತೆಗೆದೆ. ಗುದ್ದಾಡಿದ್ದೇ ಬಂತು. ಒಂಬತ್ತು ಸಾವಿರದ ತೊಂಬತ್ತೊಂದು ಅವಿಭಾಜ್ಯ ಸಂಖ್ಯೆಯಂತೆ! ಸಮ ಪಾಲು ಮಾಡಬೇಕೆಂದರೆ ಒಂಬತ್ತು ಸಾವಿರದ ತೊಂಬತ್ತೊಂದು ಜನ ಬೇಕು, ಇಲ್ಲವೇ ಒಬ್ಬನೇ ಸಾಕು.

ಆ ಒಬ್ಬ ಯಾರೆಂದು ಬೇರೆ ಹೇಳಬೇಕೇ?