ಬಳೆ ಏರಿಸಿದ ಪಾಠ

ಮಹಾರಾಜರ ಕಾಲ. ನಾನು ಬಳೆ ಮಲಾರ ಹೊತ್ತು ಮಧುಗಿರಿ ಸೀಮೆಯ ಹಳ್ಳಿಗಳನ್ನು ಸುತ್ತುತ್ತಿದ್ದೆ. ಒಮ್ಮೆ ಐ.ಡಿ.ಹಳ್ಳಿಯ ಒಂದು ಜಗಲಿಯಲ್ಲಿ ಹೊಸದಾಗಿ ಮದುವೆಯಾದ ಹೆಣ್ಣುಮಗಳಿಗೆ ಬಳೆ ತೊಡಿಸಲು ಕೂತೆ. ಪಕ್ಕದಲ್ಲೇ ಗಂಡ.

"ಯಾವ್ದು ಬೇಕು?" ಅಂತ ಅವಳನ್ನು ಕೇಳಿದ.

"ಯಾವ್ದಾದ್ರೂ ಸರಿ" ಅಂದಳು.

ಕೊಳೆ ಕಾಣಲ್ಲ ಅಂತ ಅವನು ಮಣ್ಣು ಬಣ್ಣದ್ದನ್ನು ಎತ್ತಿಕೊಟ್ಟ. ತೊಡಿಸಹೋದರೆ ಅವಳ ಕೈ ಒನಕೆಯಂತೆ ಬಿಗಿಯಿತು. ಎರಡು ಬಳೆ ಚಟಚಟ ಅಂದವು. ನಾನೇ ಗಿಣಿಹಸಿರು ತೆಗೆದೆ. ಕೈ ಬೆಣ್ಣೆಯಾಯಿತು, ಡಜನ್ ಬಳೆ ಸರಸರ ಏರಿದವು.

ಗಂಡ ಬಾಯಿ ಬಿಟ್ಟುಕೊಂಡು ನೋಡಿದ. "ಯಾವ್ದಾದ್ರೂ ಸರಿ ಅಂದ್ಲಲ್ಲಣ್ಣ! ನಿಂಗೆ ಹೆಂಗೆ ಗೊತ್ತಾಯ್ತು?"

"ಬಾಯಿ ಮಾತು ನಂಬ್ಬೇಡ ಕಣ್ಲಾ, ಕೈ ಹಿಡಿದು ಕೇಳು. ಬೇಡ ಅಂದ್ರೆ ಬಿಗಿಯಾಯ್ತದೆ, ಬೇಕು ಅಂದ್ರೆ ಸಡಿಲಾಯ್ತದೆ" ಅಂದುಬಿಟ್ಟೆ.

ಮುಂದಿನ ಸಲ ಹೋದಾಗ ಅವಳು ಬಳೆಗೆ ಕೈ ಚಾಚಿದವಳೇ ನನ್ನ ಮೇಲೆ ಹರಿಹಾಯ್ದಳು.

"ಇವ್ರಿಗೆ ಏನ್ ಕಲಿಸ್ಬುಟ್ಟೆ ಬಳೆಗಾರಣ್ಣ? ಮುದ್ದೆ ಸಾಕಾ, ಸಂತೆಗೆ ಬತ್ತೀಯಾ, ಏನ್ ಕೇಳ್ಬೇಕಾದ್ರೂ ಮೊದ್ಲು ಕೈ ಹಿಡ್ಕತಾರೆ! ಅದೂ ಅತ್ತೆ ಮುಂದೆ! ಬುಟ್ಬುಡೋಕೆ ನೀನೇ ಹೇಳು."

"ಹೇಳ್ತೀನಿ ಕಣವ್ವ" ಅಂದೆ. ಹೇಳಲಿಲ್ಲ. ಅಷ್ಟು ಬೈಯುವಾಗಲೂ ನನ್ನ ಹಿಡಿಯಲ್ಲಿದ್ದ ಅವಳ ಕೈ ಬೆಣ್ಣೆಯಂತೆಯೇ ಇತ್ತು.

ಊರಿಗೆ ಬಂದು, ನನ್ನ ಹೆಂಡತಿಗೆ ಬಳೆ ತೊಡಿಸುತ್ತಾ ಇದನ್ನು ಹೆಮ್ಮೆಯಿಂದ ಹೇಳಿದೆ. ಅವತ್ತಿನಿಂದ ಅವಳು ತನ್ನ ಬಳೆ ತಾನೇ ತೊಟ್ಟುಕೊಳ್ಳುತ್ತಿದ್ದಾಳೆ.