ಕೂಸಿಲ್ಲದ ಬಾಣಂತಿಯ ಎಣ್ಣೆಸ್ನಾನ

ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ ಮದ್ರಾಸಿನಲ್ಲಿ ನನಗೆ ಮೊದಲ ಹೆರಿಗೆಯಾಯಿತು. ಹೆಣ್ಣು ಮಗು. ಹುಟ್ಟುವಾಗಲೇ ಉಸಿರಿರಲಿಲ್ಲ. ಔಷಧಿಯ ಮಂಪರು ಇಳಿದು ನನಗೆ ಎಚ್ಚರವಾಗುವಷ್ಟರಲ್ಲಿ ಅದನ್ನು ಬಟ್ಟೆಯಲ್ಲಿ ಸುತ್ತಿ ಒಯ್ದು ಮಣ್ಣು ಮಾಡಿ ಬಂದಿದ್ದರು. ನನ್ನ ಗಂಡ ಕೈಕಾಲು ತೊಳೆದುಕೊಂಡು ಮಂಚದ ಪಕ್ಕ ನಿಂತಿದ್ದರು. ಪ್ಯಾಂಟಿನ ಮಡಿಕೆಯಲ್ಲಿ ಮರಳು ಹಾಗೇ ಇತ್ತು. "ಹೇಗಿತ್ತು?" ಎಂದು ಕೇಳಿದೆ. ನರ್ಸನ್ನು ಕರೆಯುತ್ತೇನೆಂದು ಅವರು ಹೊರಗೆ ಹೋದರು.

ಆಮೇಲೆ ಯಾರನ್ನು ಕೇಳಿದರೂ ಅದೇ ಪಾಠ. ಹೋದದ್ದು ಹೋಯಿತು, ಕೆದಕಬೇಡ, ಇನ್ನೂ ವಯಸ್ಸಿದೆ. ನೋಡಲು ಬಂದವರು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಯವಾಗಿ ಮಾತಾಡಿ, ಕಾಫಿ ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಏಳುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ನನಗೆ ಆ ಹೆಗ್ಗಣವನ್ನಾದರೂ ಒಂದು ಸಲ ತೋರಿಸಬಾರದಿತ್ತೇ ಎಂದು ಎಲ್ಲರ ಮೇಲೂ ಸಿಟ್ಟು. ಮುಖವೇ ಗೊತ್ತಿಲ್ಲದ ಮಗುವಿಗಾಗಿ ಅಳುವುದಾದರೂ ಹೇಗೆ? ಕಣ್ಣು ಮುಚ್ಚಿದರೆ ಅಕ್ಕಪಕ್ಕದವರ ಮಕ್ಕಳ ಮುಖ ಬರುತ್ತಿತ್ತು, ಪೌಡರ್ ಡಬ್ಬಿಯ ಮೇಲಿನ ಗುಂಡುಕೆನ್ನೆಯ ಮಗು ಕೂಡ ಬರುತ್ತಿತ್ತು. ನನ್ನದು ಮಾತ್ರ ಬರುತ್ತಿರಲಿಲ್ಲ. ಹಾಗಾಗಿ ನಾನು ಅಳಲೇ ಇಲ್ಲ. ಗಟ್ಟಿ ಹೆಂಗಸು ಎಂದು ನನ್ನನ್ನು ಹೊಗಳಿದವರೂ ಇದ್ದರು.

ಅಮ್ಮ ಬಾಣಂತನಕ್ಕೆಂದು ಹಾಸನದಿಂದ ಮೊದಲೇ ಬಂದು ಕೂತಿದ್ದಳು. ಬಜೆ, ಅಂಟು, ಕೂಸಿಗೆ ಹಾಸಲು ಹಳೆಯ ಮೆತ್ತನೆ ಸೀರೆ, ಎಲ್ಲ ಕಟ್ಟಿಕೊಂಡು ಬಂದಿದ್ದಳು. ಸೀರೆಗಳನ್ನು ನನಗೆ ಕಾಣದ ಹಾಗೆ ಟ್ರಂಕಿನ ತಳಕ್ಕೆ ಸೇರಿಸಿದಳು. ಆದರೆ ಬಾಣಂತನವನ್ನು ಬಿಡಲು ಒಪ್ಪಲಿಲ್ಲ.

"ಕೂಸಿಲ್ಲ ಅಂತ ಮೈಗೇನ್ ಗೊತ್ತೇ? ಮೈ ಹೆತ್ತಿದೆ. ಎಣ್ಣೆ ನೀರು ಬೀಳ್ಲೇಬೇಕು. ಈಗ ಬಿಟ್ರೆ ನಾಳೆ ಸೊಂಟ ಹಿಡ್ಕೊಂಡು ಓಡಾಡ್ತೀಯ."

ನಾವಿದ್ದದ್ದು ಟಿ. ನಗರದ ಒಂದು ವಠಾರದಲ್ಲಿ. ಬಚ್ಚಲು ಎಲ್ಲ ಮನೆಗಳಿಗೂ ಒಂದೇ. ನಲ್ಲಿಯಲ್ಲಿ ನೀರು ನೆಂಟರ ಹಾಗೆ ಬಂದು ಮುಖ ತೋರಿಸಿ ಹೋಗುತ್ತಿದ್ದ ಬೇಸಿಗೆ ಅದು. ಹಂಡೆಗಟ್ಟಲೆ ಬಿಸಿನೀರು ಹೊಯ್ಯುವ ಬಾಣಂತನ ಅಲ್ಲಿ ನಡೆಯುವ ಮಾತಲ್ಲ. ಅಮ್ಮ ಬರದ ತಮಿಳಿನಲ್ಲೇ ಬೀದಿಯೆಲ್ಲ ವಿಚಾರಿಸಿ, ಮಾಂಬಲಂ ಕಡೆಗೆ ಒಬ್ಬ ಮಲಯಾಳಿ ವೈದ್ಯರ ಮನೆಯನ್ನು ಹುಡುಕಿದಳು. ಮುಂದೆ ವೈದ್ಯರ ಕೋಣೆ, ಹಿಂದೆ ಎಣ್ಣೆ ಚಿಕಿತ್ಸೆಯ ಕೋಣೆಗಳು. ಮಂಡಿ ಹಿಡಿದ ಮುದುಕಿಯರು ಬರುತ್ತಿದ್ದರು, ಕಾಲು ಉಳುಕಿದ ನೃತ್ಯದ ಹುಡುಗಿಯರು ಬರುತ್ತಿದ್ದರು. ಬೆಳಗಿನ ಹೊತ್ತು ಬಾಣಂತಿಯರದು.

ಆ ಬಾಣಂತಿಯರ ಬೆಂಚಿನ ಮೇಲೆ ಕೂತು ಕಾಯುವುದು ನನಗೆ ಎಷ್ಟು ಕಷ್ಟವಾಯಿತೆಂದು ಬರೆಯಲು ಇವತ್ತಿಗೂ ಮನಸ್ಸಿಲ್ಲ. ಎಲ್ಲರ ತೊಡೆಯ ಮೇಲೂ ಒಂದೊಂದು ಗಂಟು. ನನ್ನ ತೊಡೆಯ ಮೇಲೆ ಟವೆಲು.

ಒಳಗೆ ಒಂದೇ ಮರದಿಂದ ಕಡೆದ ಉದ್ದನೆಯ ಹಲಗೆ ಇತ್ತು. ಎಣ್ಣೆ ಹರಿದು ಹೋಗಲು ಅದರ ಅಂಚಿಗೆ ಕಾಲುವೆ. ಹಲಗೆ ಎಣ್ಣೆ ಕುಡಿದೂ ಕುಡಿದೂ ಕಪ್ಪಾಗಿತ್ತು. ಮೂಲೆಯಲ್ಲಿ ಸೀಮೆಎಣ್ಣೆ ಸ್ಟವ್ವಿನ ಮೇಲೆ ಉರುಳಿ ಎನ್ನುವ ಅಗಲ ಬಾಯಿಯ ಹಿತ್ತಾಳೆ ಪಾತ್ರೆ. ತಿಕ್ಕುವ ಹೆಂಗಸು ಅಮ್ಮನ ವಯಸ್ಸಿನವಳು, ಅರ್ಧ ತಮಿಳು ಅರ್ಧ ಮಲಯಾಳ ಮಾತಾಡುವ ಬಾಯಿಬಡುಕಿ. ದೀಪ ಹಚ್ಚಿ ಕೈ ಮುಗಿದು, "ಎತ್ತನೆ ನಾಳಾಚ್ಚು?" ಎಂದಳು, ಹೆರಿಗೆಯಾಗಿ ಎಷ್ಟು ದಿನವಾಯಿತೆಂದು. ಅಮ್ಮ ಅದಕ್ಕಷ್ಟೇ ಉತ್ತರ ಕೊಟ್ಟಳು. ಉಳಿದದ್ದನ್ನು ಹೇಳಲಿಲ್ಲ. ಹಚ್ಚಿದ ದೀಪದ ಎದುರು, ಬಾಣಂತಿಯ ತಲೆಗೆ ಎಣ್ಣೆಯಿಡುವ ಮೊದಲು, ಸಾವಿನ ಮಾತು ಆಡಬಾರದು. ನಮ್ಮ ಕಡೆ ಅದು ಎಲ್ಲರಿಗೂ ಗೊತ್ತಿದ್ದದ್ದೇ. ಎಣ್ಣೆಯೆಲ್ಲ ಮುಗಿಯಲಿ, ಆಮೇಲೆ ಹೊರಗೆ ಕರೆದು ಹೇಳೋಣ ಎಂದುಕೊಂಡಿದ್ದಳಂತೆ.

ಬೆಚ್ಚನೆಯ ಎಣ್ಣೆ ನೆತ್ತಿಗೆ ಬಿತ್ತು. ಆಮೇಲೆ ಭುಜ, ಬೆನ್ನು, ಸೊಂಟ. ಆಸ್ಪತ್ರೆಯಿಂದ ಬಂದ ಮೇಲೆ ನನ್ನನ್ನು ಯಾರೂ ಮುಟ್ಟಿರಲಿಲ್ಲ, ಗಾಜಿನ ಸಾಮಾನಿನ ಹಾಗೆ ದೂರವೇ ಇಟ್ಟಿದ್ದರು. ಈಕೆ ಮಾತ್ರ ಚಪಾತಿ ಹಿಟ್ಟು ನಾದಿದ ಹಾಗೆ ನಾದಿದಳು. ನಾದುತ್ತಾ ಸೊಸೆಯನ್ನು ಬೈದಳು, ರೇಷನ್ ಅಂಗಡಿಯವನನ್ನು ಬೈದಳು. ಹೊಟ್ಟೆಯ ಮೇಲೆ ಕೈಯಿಟ್ಟಾಗ ಮಾತು ನಿಲ್ಲಿಸಿ, ಅಂಗೈ ಅಗಲಿಸಿ ಮೆಲ್ಲಗೆ ಒತ್ತಿದಳು. ಅಲ್ಲಿ ಒಳಗೆ ಏನೂ ಇಲ್ಲವೆನ್ನುವುದು ಆ ಕೈಯ ಕೆಳಗೆ ನನಗೆ ಮೊದಲ ಸಲ ಗೊತ್ತಾಯಿತು. ನಾನು ಹಲ್ಲು ಕಚ್ಚಿ ಮಲಗಿದ್ದೆ.

ನನ್ನದು ಮುಗಿಯಿತು. ಅವಳು ಕೈಯ ಎಣ್ಣೆ ಒರೆಸಿಕೊಳ್ಳಲಿಲ್ಲ. ಗಿಡ್ಡ ಮಣೆಯೆಳೆದು ಕೂತು, ಸೀರೆಯನ್ನು ಮಂಡಿಯ ಮೇಲಕ್ಕೆ ಸರಿಸಿ, ಎರಡು ಕಾಲನ್ನೂ ಜೋಡಿಸಿ ಚಾಚಿದಳು. ತಾಯಿಗೆ ತಿಕ್ಕಿದ ಕೈ ಬಿಸಿಯಿರುವಾಗಲೇ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುವುದು ಅವರ ಪದ್ಧತಿ. ಎರಡೂ ಕೈ ಮುಂದೆ ಚಾಚಿ ಅಮ್ಮನನ್ನು ನೋಡಿ ನಕ್ಕಳು.

"ಕೊಳಂದೆಯೆ ಕೊಡುಂಗೊ ಅಮ್ಮಾ."

ಮಗುವನ್ನು ಕೊಡಿ. ಅಷ್ಟು ಕೇಳಿದ್ದೇ ತಡ, ನನ್ನ ಎದೆಯಿಂದ ಹಾಲು ಸುರಿಯಿತು. ಎಣ್ಣೆಯ ಮೇಲೆ ಬೆಳ್ಳಗೆ ಹರಿದು ಹಲಗೆಯ ಕಾಲುವೆಗೆ ಇಳಿಯಿತು. ಅಮ್ಮ ಗೋಡೆಯ ಕಡೆ ತಿರುಗಿಕೊಂಡು, ಸೆರಗು ಬಾಯಿಗಿಟ್ಟುಕೊಂಡು, "ಇಲ್ಲೆ" ಎಂದಳು. ತಮಿಳಿನಲ್ಲಿ ಅವಳು ತಪ್ಪಿಲ್ಲದೆ ಆಡಿದ ಮಾತು ಅದೊಂದೇ ಇರಬೇಕು.

ತಿಕ್ಕುವವಳು ಚಾಚಿದ ಕಾಲನ್ನು ಮಡಚಲಿಲ್ಲ. ತಿಳಿಯದೆ ಕೇಳಿಬಿಟ್ಟೆ ಎಂದು ತಲೆಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ, ಅವಳ ಬಾಯಿಗೆ ಸುಮ್ಮನಿರಲು ಬರುತ್ತಿರಲಿಲ್ಲವೋ ಏನೋ, ನಮ್ಮವರು ಯಾರೂ ಕೇಳದ್ದನ್ನೆಲ್ಲ ಕೇಳಿದಳು. ಗಂಡೋ ಹೆಣ್ಣೋ? ಬಣ್ಣವೇನು? ತಲೆ ತುಂಬ ಕೂದಲಿತ್ತೋ, ಬೋಳೋ? ಎಲ್ಲ ಕೂಸುಗಳ ಬಗ್ಗೆಯೂ ಅವಳು ಕೇಳುವ ಪ್ರಶ್ನೆಗಳೇ ಅವು. ಹೆಣ್ಣು ಎಂದೆ. ಉಳಿದದ್ದು ನನಗೆ ಗೊತ್ತಿಲ್ಲ, ನನಗೆ ತೋರಿಸಲಿಲ್ಲ ಎಂದೆ. ಅವಳು ಅಮ್ಮನ ಕಡೆ ತಿರುಗಿ, ನೀನು ಹೇಳು ಎನ್ನುವ ಹಾಗೆ ಗದ್ದ ಎತ್ತಿದಳು.

ಅಮ್ಮ ಗೋಡೆಯನ್ನೇ ನೋಡುತ್ತಿದ್ದಳು. ಇವಳೂ ಕೆದಕಬೇಡ ಅನ್ನುತ್ತಾಳೆ ಎಂದುಕೊಂಡೆ.

"ಕೂದಲಿತ್ತು" ಎಂದಳು ಅಮ್ಮ. "ಗುಂಗುರು. ಕರ್ರಗೆ. ಕಿವಿ ಮೇಲೆಲ್ಲಾ ಬಿದ್ದಿತ್ತು. ನಮ್ಮಮ್ಮನ ಕೂದ್ಲು ಕಣೇ, ಅದೇ ಥರ."

ಆಗ ನಾನು ಅತ್ತೆ. ಹಲಗೆಯ ಮೇಲೆ ಎಣ್ಣೆಯಲ್ಲಿ ಜಾರುತ್ತಾ, ಮೈಮೇಲೆ ಬಟ್ಟೆಯಿಲ್ಲದೆ, ಬೆಂಚಿನವರಿಗೆಲ್ಲ ಕೇಳುವ ಹಾಗೆ ಗೋಳೋ ಎಂದು ಅತ್ತೆ. ಗುಂಗುರು ಕೂದಲಿನ ಮಗು ಸತ್ತುಹೋಗಿತ್ತು. ಅಲ್ಲಿಯವರೆಗೆ ಸತ್ತದ್ದು ಯಾರೆಂದೇ ನನಗೆ ಗೊತ್ತಿರಲಿಲ್ಲ. ತಿಕ್ಕುವವಳು ನನ್ನನ್ನು ಸುಮ್ಮನಿರಿಸಲು ಹೋಗಲಿಲ್ಲ. ಹೆಸರುಹಿಟ್ಟು ಹಚ್ಚಿ, ಬಿಸಿನೀರು ಹೊಯ್ದು, ಸಾಂಬ್ರಾಣಿ ಹೊಗೆಗೆ ತಲೆಯಾರಿಸಿದಳು. ಮರುದಿನ ಬಾಗಿಲ ಬಳಿ ಕೂರುವ ಹೂವಿನವಳಿಂದ ಮೊಳಗಟ್ಟಲೆ ಮಲ್ಲಿಗೆ ತರಿಸಿ, ಹಾಲು ಬತ್ತಲೆಂದು ನನ್ನ ಎದೆಯ ಸುತ್ತ ಒತ್ತಾಗಿ ಕಟ್ಟಿದಳು. ಆ ಊರಿನಲ್ಲಿ ಮಲ್ಲಿಗೆಯ ಉಪಯೋಗ ಅದಕ್ಕೂ ಇತ್ತು. ಹೂ ಬಾಡುತ್ತಿದ್ದ ಹಾಗೆ ಹಾಲೂ ನಿಂತಿತು. ಅದು ನಿಂತದ್ದಕ್ಕೂ ನಾನು ಅತ್ತೆ.

ಅಲ್ಲಿಂದ ಮುಂದೆ ಆ ಮಗುವಿಗೆ ಒಂದು ತಲೆ ಇತ್ತು. ಆಫೀಸಿಗೆ ಹೋಗುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ನಾನು ಅದರ ಸಿಕ್ಕು ಬಿಡಿಸುತ್ತಿದ್ದೆ. ಇಷ್ಟು ವಯಸ್ಸಾಗಿರುತ್ತಿತ್ತು, ಇಷ್ಟುದ್ದ ಬೆಳೆದಿರುತ್ತಿತ್ತು, ಜಡೆಗೆ ಸಿಗುತ್ತಿತ್ತು ಎಂದುಕೊಳ್ಳುತ್ತಿದ್ದೆ. ಹುಚ್ಚು ಅನ್ನುವವರು ಅನ್ನಲಿ.

ಎಂಬತ್ತರ ದಶಕದಲ್ಲಿ ಇನ್ನೊಬ್ಬಳು ಮಗಳು ಹುಟ್ಟಿದಳು. ನಾವು ಅಣ್ಣಾ ನಗರಕ್ಕೆ ಮನೆ ಬದಲಾಯಿಸಿದೆವು. ಈ ಮಗಳದು ಕಡ್ಡಿಯ ಹಾಗೆ ನೆಟ್ಟಗಿನ ಕೂದಲು. ಒಂದು ಭಾನುವಾರ ಬೆಳಿಗ್ಗೆ ಅವಳನ್ನು ಕಾಲಿನ ನಡುವೆ ಕೂರಿಸಿಕೊಂಡು ತಲೆಗೆ ಎಣ್ಣೆ ತಟ್ಟುತ್ತಿದ್ದೆ. "ಕಣ್ಣು ಎರಿಯುದು ಅಮ್ಮಾ" ಎಂದು, ಕಣ್ಣು ಉರಿಯುತ್ತದೆಂದು ಅವಳು ತಮಿಳಿನಲ್ಲಿ ಕೊಸರಾಡಿ, ಎದ್ದು ಓಡಿದಳು. ನನ್ನ ಗಂಡ ಪೇಪರು ಓದುತ್ತಿದ್ದರು.

"ದೊಡ್ಡವಳದು ಗುಂಗುರು. ಇವಳಿಗೆ ಒಂದು ಸುರುಳಿಯೂ ಬರಲಿಲ್ಲ" ಎಂದೆ. ಅವರ ಎದುರು ಅವಳನ್ನು ದೊಡ್ಡವಳು ಎಂದು ಕರೆದದ್ದು ಅದೇ ಮೊದಲು.

ಅವರು ಪೇಪರು ಕೆಳಗಿಟ್ಟರು. "ಯಾರು ಹೇಳಿದ್ದು?"

"ಅಮ್ಮ ನೋಡಿದ್ದಳಲ್ಲ."

"ಅವರು ಎಂಗೆ ನೋಡಿದ್ರು?" ಮದ್ರಾಸಿನಲ್ಲೇ ಬೆಳೆದ ಅವರ ಕನ್ನಡದಲ್ಲಿ ತಮಿಳು ಯಾವಾಗಲೂ ಇಣುಕುತ್ತಿತ್ತು. "ಆಯಾ ಸುತ್ತಿ ತಂದು ಕೊಟ್ಲು. ಬಿಚ್ಚಿ ತೋರಿಸ್ತೀನಿ ಅಂದ್ಲು. ನಾನೇ ವೇಂಡಾ ಅಂದೆ. ಅವರೂ ನೋಡ್ಲಿಲ್ಲ, ನಾನೂ ನೋಡ್ಲಿಲ್ಲ. ಮೊಖ ನೋಡಿದ್ರೆ ಮಣ್ಣು ಹಾಕಕ್ಕೆ ಕೈ ಬರ್ತಿರ್ಲಿಲ್ಲ, ತಿಳೀತಾ?"

ಜಗಳವಾಡಲು ನನಗೆ ಯಾವತ್ತೂ ಕಾರಣ ಕಡಿಮೆಯಿಲ್ಲ, ಆದರೆ ಅವತ್ತು ಎಣ್ಣೆಯ ಬಟ್ಟಲು ಎತ್ತಿಕೊಂಡು ಒಳಗೆ ಹೋದೆ. ನಮ್ಮವರಲ್ಲಿ ಯಾರೂ ಆ ಮಗುವಿನ ಮುಖ ನೋಡಿರಲಿಲ್ಲ. ಹಾಸನದಲ್ಲಿದ್ದ ಅಮ್ಮನ ಮೇಲೆ ಸಿಟ್ಟು ಕುದಿಯಿತು. ಬರಲಿ, ಕೇಳುತ್ತೇನೆ ಎಂದು ತಿಂಗಳುಗಟ್ಟಲೆ ಹಲ್ಲು ಮಸೆದೆ.

ಮುಂದಿನ ಬೇಸಿಗೆಯಲ್ಲಿ ಅಮ್ಮ ಬಂದಳು. ಮಂಡಿ ನೋವಿನಿಂದ ಮೆಟ್ಟಿಲು ಹತ್ತಲಾರದೆ, ಕಂಬಿ ಹಿಡಿದು ನಿಂತು ನಿಂತು ಬಂದಳು. ಮಧ್ಯಾಹ್ನ ಅವಳನ್ನು ಚಾಪೆಯ ಮೇಲೆ ಕೂರಿಸಿ, ಬಿಸಿ ಎಣ್ಣೆ ಹಚ್ಚಿ ಮಂಡಿ ತಿಕ್ಕಲು ಕೂತೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ತುದಿ ನಾಲಿಗೆಯಲ್ಲಿ ಮಾತು ಸಿದ್ಧವಾಗಿತ್ತು.

"ಅಮ್ಮ, ಆ ಮಗು ಹೇಗಿತ್ತು?" ಎಂದೆ.

ಅವಳು ನನ್ನ ಮುಖ ನೋಡಿದಳು. ನನಗೆ ತಿಳಿದಿದೆ ಎನ್ನುವುದು ಅವಳಿಗೆ ಆ ಗಳಿಗೆಯಲ್ಲೇ ತಿಳಿಯಿತೆಂದು ನಾನು ನಂಬಿದ್ದೇನೆ. ಕಣ್ಣು ತುಂಬಿತು. ಆದರೆ ಮಾತು ತಡವರಿಸಲಿಲ್ಲ.

"ಗುಂಗುರು ಕೂದ್ಲು ಕಣೇ. ಎಣ್ಣೆಗೆಂಪು ಬಣ್ಣ. ರೆಪ್ಪೆ ಇಷ್ಟಿಷ್ಟುದ್ದ. ಗಲ್ಲದಲ್ಲೊಂದು ಗುಳಿ."

ಬಣ್ಣ, ರೆಪ್ಪೆ, ಗುಳಿ ಹೊಸವು. ನಾನು ಇನ್ನಷ್ಟು ಎಣ್ಣೆ ಸುರಿದುಕೊಂಡು ಇನ್ನೊಂದು ಮಂಡಿಗೆ ಕೈ ಹಾಕಿದೆ.

"ಇನ್ನೂ ಹೇಳು" ಎಂದೆ.