ತೆಳ್ಳನೆಯ ಲ್ಯಾಪ್‌ಟಾಪು, ಲಿಂಗಸುಗೂರಿನ ಬಸ್ಸು

ನನ್ನ ಬಲ ಹೆಗಲಲ್ಲಿ ಒಂದು ತಗ್ಗಿದೆ. ಸ್ನಾನ ಮಾಡುವಾಗ ಬೆರಳಿಗೆ ಸಿಗುತ್ತದೆ. ಆರು ವರ್ಷ ಒಂದೇ ಚೀಲವನ್ನು ಒಂದೇ ಹೆಗಲಿಗೆ ಹಾಕಿಕೊಂಡು ತಿರುಗಿದ್ದರ ಗುರುತು ಅದು.

ನಾನು ಅತಿಥಿ ಉಪನ್ಯಾಸಕಿ. ಅತಿಥಿ ಎಂದು ಕರೆದು ಇಷ್ಟು ದುಡಿಸುವ ಮನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಇರುವುದು ಸಿಂಧನೂರಿನಲ್ಲಿ. ವಾರಕ್ಕೆ ಮೂರು ದಿನ ಲಿಂಗಸುಗೂರಿನ ಒಂದು ಕಾಲೇಜು, ಎರಡು ದಿನ ಮಸ್ಕಿಯ ಇನ್ನೊಂದು. ಕಲಿಸುವುದು ಭೂಗೋಳ. ನಕಾಶೆ ತೋರಿಸದೆ ಭೂಗೋಳ ಕಲಿಸುವುದೆಂದರೆ ಉಪ್ಪಿಲ್ಲದ ಸಾರು ಬಡಿಸಿದಂತೆ, ಹಾಗಾಗಿ ಗೋಡೆಯ ಮೇಲೆ ಚಿತ್ರ ಬಿಡಲು ಲ್ಯಾಪ್‌ಟಾಪ್ ಬೇಕೇ ಬೇಕು. ಕಾಲೇಜಿನಲ್ಲಿ ಕಂಪ್ಯೂಟರ್ ಇಲ್ಲವೆಂದಲ್ಲ. ಇದೆ, ಕೋಣೆಯಲ್ಲಿದೆ, ಕೋಣೆಗೆ ಬೀಗವಿದೆ, ಬೀಗದ ಕೈ ಇರುವವರು ಯಾವಾಗಲೂ ಯಾರದೋ ಮದುವೆಗೆ ಹೋಗಿರುತ್ತಾರೆ.

ನನ್ನ ಹಳೆಯ ಲ್ಯಾಪ್‌ಟಾಪ್ ಕೊಳ್ಳುವಾಗಲೇ ಹಳೆಯದು. ಅದರ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು, ಆದ್ದರಿಂದ ಚಾರ್ಜರ್ ಬಿಟ್ಟು ಹೊರಡುವ ಹಾಗಿರಲಿಲ್ಲ. ಆ ಚಾರ್ಜರ್ ಒಂದೇ ಅರ್ಧ ಇಟ್ಟಿಗೆಯಷ್ಟಿತ್ತು. ಕಳೆದ ವರ್ಷ ಒಂದು ಬೆಳಿಗ್ಗೆ ಬೋರ್ಡಿನ ಮೇಲ್ತುದಿಯಲ್ಲಿ ಪಾಠದ ಹೆಸರು ಬರೆಯಲು ಹೋದೆ, ಕೈ ಕಿವಿಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಹುಡುಗಿಯರು ನೋಡುತ್ತಿದ್ದರು. ಬೋರ್ಡಿನ ನಡುವೆ ಬರೆದು ಪಾಠ ಮುಗಿಸಿದೆ.

ಡಾಕ್ಟರಿಗೆ ತೋರಿಸಿದರೆ ಅವರು ಹೆಗಲನ್ನು ಒತ್ತಿ ನೋಡಿ, ಹೊರೆ ಕಡಿಮೆ ಮಾಡಿ, ಆಗದಿದ್ದರೆ ಕೆಲಸ ಬಿಡಿ ಎಂದರು. ಹೇಳುವುದೇನು, ಬಾಯಿಗೆ ಬಾಡಿಗೆಯೇ? ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿ, ಹೊಸದಾಗಿ ಆಯ್ಕೆಯಾಗಿ, ನಾನು ಹಿಡಿದುಕೊಂಡಿರುವ ಕೆಲಸ ಇದು. ಇದನ್ನು ಬಿಟ್ಟರೆ ನನ್ನದು ಎನ್ನುವುದು ನನಗೆ ಏನೂ ಇಲ್ಲ. ಬೋರ್ಡಿಗೆ ಕೈ ಎತ್ತಲಾಗದವಳನ್ನು ಮುಂದಿನ ವರ್ಷ ಯಾರು ಕರೆಯುತ್ತಾರೆ?

ಆಗ ತಲೆಗೆ ಹೊಕ್ಕಿದ್ದು ತೆಳ್ಳನೆಯ ಲ್ಯಾಪ್‌ಟಾಪ್. ಅಂಗಡಿಯವನು ಅದನ್ನು ಎರಡು ಬೆರಳಿನಲ್ಲಿ ಹಪ್ಪಳ ಎತ್ತಿದಂತೆ ಎತ್ತಿ ತೋರಿಸಿದ. ಚೀಲದೊಳಗೆ ಇದೆಯೆಂದೇ ಗೊತ್ತಾಗುವುದಿಲ್ಲ ಮೇಡಂ ಎಂದ. ಬೆಲೆ ಕೇಳಿದರೆ ದಪ್ಪನೆಯವು ಎರಡು ಬರುವಷ್ಟು.

ನಮ್ಮ ಮನೆಯವರು ಅಕ್ಕಿ ಗಿರಣಿಯಲ್ಲಿ ಕಾಂಟಾದ ಮುಂದೆ ಕೂರುವವರು. ದಿನವಿಡೀ ಚೀಲ ತೂಗಿಸುವುದೇ ಕೆಲಸ. ಅವರಿಗೆ ಈ ಬೆಲೆಯ ಲೆಕ್ಕ ಹಿಡಿಸಲೇ ಇಲ್ಲ.

"ನಮ್ಮ ಕಡೆ ತೂಕ ಕಮ್ಮಿ ಬಿದ್ರ ರೊಕ್ಕ ಕಮ್ಮಿ ಕೊಡ್ತೀವಿ. ಇವರು ತೂಕ ಕಮ್ಮಿ ಮಾಡಿ ರೊಕ್ಕ ಹೆಚ್ಚು ಕೇಳಾಕತ್ತಾರಲ್ಲ, ಇದ್ಯಾವ ಉಲ್ಟಾ ವ್ಯಾಪಾರ? ಅದ ರೊಕ್ಕಕ್ಕ ಎರಡು ಬರ್ತಾವು."

"ಎರಡು ತಂದ್ರ ಎರಡೂ ನಾನ ಹೊರಬೇಕಲ್ರಿ," ಎಂದೆ.

ಮರುದಿನ ಅವರು ತಾವೇ ಅಂಗಡಿಗೆ ಬಂದರು. ತಿಂಗಳುಗಟ್ಟಲೆ ತಡೆದು ಒಮ್ಮೆಲೇ ಬಂದಿದ್ದ ನನ್ನ ಗೌರವಧನ ಅಲ್ಲಿಗೆ ಹೋಯಿತು. ಸೋರುವ ಮಾಳಿಗೆ ಇನ್ನೊಂದು ಮಳೆಗಾಲ ಸೋರಲಿ ಎಂದುಕೊಂಡೆವು.

ಸುಳ್ಳು ಹೇಳಲಾರೆ, ಮೊದಲ ಮೂರು ವಾರ ಹಬ್ಬ. ಬಸ್ಸಿನಿಂದ ಇಳಿದಾಗ ಚೀಲ ಮರೆತೆನೆಂದು ಎರಡು ಸಲ ಬೆನ್ನ ಹಿಂದೆ ಕೈಹಾಕಿ ನೋಡಿಕೊಂಡಿದ್ದೇನೆ. ಪ್ರೊಜೆಕ್ಟರಿನ ಅಗಲ ಮೂತಿಯ ವೈರು ಇದರ ಸಪೂರ ಪಕ್ಕೆಗೆ ಸೇರುವುದಿಲ್ಲವೆಂದು ನಡುವೆ ಜೋಡಿಸುವ ಒಂದು ತುಂಡನ್ನು ಬೇರೆ ಕೊಳ್ಳಬೇಕಾಯಿತು. ಬೈದುಕೊಂಡೇ ಕೊಂಡೆ. ಆದರೆ ನಾಲ್ಕನೆಯ ವಾರದ ಮೊದಲ ದಿನ ಕೈ ತಲೆಯಿಂದ ಮೇಲೆ ಹೋಯಿತು. ಬೋರ್ಡಿನ ತುತ್ತತುದಿಯಲ್ಲಿ 'ನದಿ ಕಣಿವೆಗಳು' ಎಂದು ಬರೆದೆ. ಅಷ್ಟು ಸಂತೋಷ ನನಗೆ ಈ ಕೆಲಸದಲ್ಲಿ ತುಂಬ ದಿನದಿಂದ ಆಗಿರಲಿಲ್ಲ.

ಇನ್ನು ಬಸ್ಸಿನ ಮಾತು. ಲಿಂಗಸುಗೂರಿನ ನಿಲ್ದಾಣದಲ್ಲಿ ಸಂಜೆ ಸಿಂಧನೂರು ಬಸ್ಸು ತಿರುಗಿಕೊಳ್ಳುವಾಗಲೇ ಅದರ ಜೊತೆ ಓಡಬೇಕು. ಓಡುತ್ತ ಕಿಟಕಿಯಿಂದ ಏನಾದರೊಂದನ್ನು ಒಳಗೆ ಒಗೆಯಬೇಕು. ಅದು ಬಿದ್ದ ಸೀಟು ನಿಮ್ಮದು. ಮೊದಲೆಲ್ಲ ಒಂದು ಟವೆಲ್ಲು, ಒಂದು ಕರವಸ್ತ್ರ ಸಾಕಾಗುತ್ತಿತ್ತು. ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲೆ ಜನ ಹೆಚ್ಚಿತು, ಕರವಸ್ತ್ರದ ಮರ್ಯಾದೆ ಹೋಯಿತು. ಯಾರದೋ ಬಿದ್ದಿದೆ ನೋಡಿ ಎಂದು ಪಕ್ಕಕ್ಕೆ ಸರಿಸಿ ಕೂತುಬಿಡುತ್ತಾರೆ. ನನ್ನ ಹಳೆಯ ಚೀಲಕ್ಕೆ ಮಾತ್ರ ಆ ಭಯವಿರಲಿಲ್ಲ. ಅದು ದೊಪ್ಪನೆ ಬಿದ್ದರೆ ಕಿಟಕಿಯ ಸರಳು ಅದುರುತ್ತಿತ್ತು, ಒಳಗಿನ ದಪ್ಪ ಲ್ಯಾಪ್‌ಟಾಪಿಗೆ ಏನೂ ಆಗುತ್ತಿರಲಿಲ್ಲ. ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಮುಗಿಸಿ ಬಂದ ಗಟ್ಟಿ ಆಳುಗಳೂ ಅದನ್ನು ಎತ್ತಿ ಸರಿಸುವ ಮನಸ್ಸು ಮಾಡುತ್ತಿರಲಿಲ್ಲ. ಆರು ವರ್ಷ ನಾನು ಕೂತೇ ಬಂದೆ.

ಹೊಸದು ಬಂದ ಮೇಲೆ ಒಗೆಯಬಾರದೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಮೂರು ವಾರ ಅದರಂತೆ ನಡೆದೆ, ಸೀಟು ಸಿಕ್ಕರೆ ಸಿಕ್ಕಿತು ಎಂದು. ನಾಲ್ಕನೆಯ ವಾರ ಒಂದು ಸಂಜೆ, ಎರಡು ಬಸ್ಸು ತುಂಬಿ ಹೋಗಿದ್ದವು. ನಾಲ್ಕು ತಾಸು ನಿಂತು ಪಾಠ ಮಾಡಿದ ಕಾಲು. ಮೂರನೆಯ ಬಸ್ಸು ತಿರುಗಿತು, ನಾನು ಓಡಿದೆ, ಕೈ ತನ್ನ ಹಳೆಯ ಕೆಲಸ ತಾನು ಮಾಡಿತು. ಚೀಲ ಒಳಗೆ ಹೋದ ಮೇಲೆ ಬುದ್ಧಿ ಬಂತು.

ಅದು ಬಿದ್ದ ಸದ್ದೇ ಆಗಲಿಲ್ಲ. ಬಾಗಿಲಲ್ಲಿ ಗುದ್ದಾಡಿ ಒಳಗೆ ಹೋಗುವಷ್ಟರಲ್ಲಿ ದೊಡ್ಡ ಗಂಟೊಂದನ್ನು ತೊಡೆಯ ಮೇಲೆ ಇಟ್ಟುಕೊಂಡು ಒಬ್ಬ ಅಜ್ಜಿ ಆ ಸೀಟಿನಲ್ಲಿ ಕೂತಿದ್ದಳು. ಚೀಲ ಎಲ್ಲೂ ಕಾಣಲಿಲ್ಲ. ಎದ್ದೇಳಬೇ ಎಂದು ನಾನು ಕೂಗಿದ ರೀತಿಗೆ ಇಡೀ ಬಸ್ಸು ತಿರುಗಿ ನೋಡಿತು.

ಅಜ್ಜಿ ಗಾಬರಿಯಾಗಿ ಎದ್ದು ನಿಂತಳು. ಚೀಲ ಆಕೆಯ ಕೆಳಗಿತ್ತು.

"ಖಾಲಿ ಚೀಲ ಅನಕೊಂಡ್ನಿ ಯವ್ವಾ. ಎತ್ತಿ ನೋಡಿದ್ನಿ, ಒಳಗ ಏನೂ ಇದ್ದಂಗ ಇದ್ದಿದ್ದಿಲ್ಲ."

ಅಂಗಡಿಯವನು ಹೊಗಳಿ ಹೇಳಿದ್ದೂ ಇದನ್ನೇ.

ತೆರೆದು ನೋಡಿದೆ. ಪರದೆಯ ನಡುವೆ ಮೇಲಿಂದ ಕೆಳಗೆ ಬಿರುಕು, ಬಲಗಡೆ ಪೂರ್ತಿ ಕಪ್ಪು. ಬಸ್ಸಿನಲ್ಲಿ ಪಂಚಾಯ್ತಿ ಶುರುವಾಯಿತು. ಅಜ್ಜಿಯದು ತಪ್ಪು ಎಂದವರು ಇಬ್ಬರು. ಸೀಟು ಹಿಡಿಯಲು ಇಂಥ ಸಾಮಾನು ಒಗೆಯುತ್ತಾರೆಯೇ, ಓದಿದವರಿಗೇ ಬುದ್ಧಿ ಇಲ್ಲ ಎಂದವರು ಉಳಿದವರೆಲ್ಲ. ನ್ಯಾಯ ನನ್ನ ವಿರುದ್ಧವೇ ಆಯಿತು, ಸರಿಯಾಗಿಯೇ ಆಯಿತು. ನನಗೆ ಸಿಟ್ಟು ಬಂದದ್ದು ನನ್ನ ಕೈಯ ಮೇಲೆ. ಆದರೆ ಅಜ್ಜಿ 'ನೀ ಕೂಡವ್ವಾ' ಎಂದು ಸೀಟು ಬಿಟ್ಟುಕೊಟ್ಟಾಗ ನಾನು ಬೇಡ ಎನ್ನಲಿಲ್ಲ. ಕೂತೆ. ಆಕೆ ಆ ಗಂಟು ಹಿಡಿದುಕೊಂಡು ಮಸ್ಕಿಯವರೆಗೆ ನಿಂತೇ ಬಂದು, ಪಾಮನಕಲ್ಲೂರಿನ ಬಸ್ಸು ಹಿಡಿಯಲು ಇಳಿದಳು. ಇಳಿಯುವಾಗ ನನ್ನ ಮುಖ ನೋಡಿದಳು, ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಪರದೆ ಒಡೆದದ್ದಕ್ಕಿಂತ ಅದು ನನಗೆ ಈಗಲೂ ಹೆಚ್ಚು ಚುಚ್ಚುತ್ತದೆ.

ರಿಪೇರಿಯವನು ಇದರಲ್ಲಿ ಎಲ್ಲವನ್ನೂ ಒಂದಕ್ಕೊಂದು ಅಂಟಿಸಿಬಿಟ್ಟಿದ್ದಾರೆ, ಪರದೆ ಬದಲಿಸುವ ದುಡ್ಡಿಗೆ ದಪ್ಪನೆಯದೊಂದು ಬಂದೀತು ಎಂದ. ಬದಲಿಸಲಿಲ್ಲ. ಎಡಗಡೆಯ ಅರ್ಧ ಸರಿಯಾಗಿಯೇ ಇದೆ, ಬೇಕಾದುದನ್ನೆಲ್ಲ ಎಡಕ್ಕೆ ಎಳೆದುಕೊಂಡು ನೋಡುತ್ತೇನೆ. ಗೋಡೆಯ ಮೇಲೆ ಚಿತ್ರ ಇಡಿಯಾಗಿಯೇ ಬೀಳುತ್ತದೆ, ಹುಡುಗಿಯರಿಗೆ ಇನ್ನೂ ಗೊತ್ತಿಲ್ಲ.

ಆಮೇಲೆ ಚೀಲವನ್ನು ಎದೆಗೆ ಅವುಚಿಕೊಂಡು ನಿಂತೇ ಬರತೊಡಗಿದೆ. ಹೆಗಲು ಸುಮ್ಮನಾಯಿತು, ಕಾಲು ಬಾತುಕೊಂಡವು. ಬೇರೆ ಚೀಲದಲ್ಲಿ ಒಂದು ಇಟ್ಟಿಗೆ ಹಾಕಿಕೊಂಡು ಹೋಗಿ ಅದನ್ನು ಒಗೆ ಎಂದರು ಮನೆಯವರು. ತಮಾಷೆಗೆ ಹೇಳಿದ್ದಲ್ಲ. ನಾನೂ ಒಂದು ಗಳಿಗೆ ಯೋಚಿಸಿದೆ.

ಕಿರುಪರೀಕ್ಷೆಯ ದಿನ ಉತ್ತರಪತ್ರಿಕೆಗಳ ಕಟ್ಟು ಕೈಯಲ್ಲಿತ್ತು. ಬಸ್ಸು ತಿರುಗಿದಾಗ ಅದನ್ನೇ ಒಗೆದೆ. ಒಳಗೆ ಹೋದರೆ ನಡುವಯಸ್ಸಿನ ಒಬ್ಬರು ಸೀಟಿನ ಮುಂದೆ ನಿಂತಿದ್ದರು, ಕೂತಿರಲಿಲ್ಲ. ಕಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೆ ಒತ್ತಿಕೊಂಡು ಯಾರದೆಂದು ಕೇಳುತ್ತಿದ್ದರು. ನನ್ನದು ಎಂದೆ.

"ವಿದ್ಯಾ ಐತ್ರಿ ಇದು, ಇದರ ಮ್ಯಾಲ ಹೆಂಗ ಕೂಡೂದು," ಎಂದು ನನ್ನ ಕೈಗಿತ್ತು ಹಿಂದೆ ಸರಿದರು.

ಅದರಲ್ಲಿದ್ದ ವಿದ್ಯೆ ಎಷ್ಟೆಂದು ತಿದ್ದುವ ನನಗೆ ಗೊತ್ತು. ಅರ್ಧಕ್ಕರ್ಧ ಮಕ್ಕಳು ತುಂಗಭದ್ರೆಯನ್ನು ತಪ್ಪು ದಿಕ್ಕಿಗೆ ಹರಿಸಿದ್ದರು. ಆದರೂ ಅದು ಸೀಟು ಕೊಟ್ಟಿತು. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುವ ಜನ ನಾವು, ಬರೆದ ಕಾಗದದ ಮೇಲೆ ಯಾರೂ ಕೂರುವುದಿಲ್ಲ.

ಅಂದಿನಿಂದ ಹಳೆಯ ಉತ್ತರಪತ್ರಿಕೆಗಳ ದೊಡ್ಡ ಕಟ್ಟೊಂದು ದಿನವೂ ಅದೇ ಚೀಲದಲ್ಲಿ ನನ್ನ ಜೊತೆ ಬರುತ್ತದೆ. ಅಂಕ ಕೊಟ್ಟು ಮುಗಿದವು, ಯಾರಿಗೂ ಬೇಡದವು. ಬೆಳಿಗ್ಗೆ ಸಿಂಧನೂರಿನಲ್ಲಿ ಕಟ್ಟನ್ನು ಹೊರತೆಗೆದು ಒಗೆಯುತ್ತೇನೆ, ಸಂಜೆ ಲಿಂಗಸುಗೂರಿನಲ್ಲಿ ಒಗೆಯುತ್ತೇನೆ, ಕೂತು ಹೋಗಿ ಕೂತು ಬರುತ್ತೇನೆ. ಅಷ್ಟು ದುಡ್ಡು ಕೊಟ್ಟು ತೆಳ್ಳನೆಯದನ್ನು ತಗೋಬಹುದೇ ಎಂದು ಮಸ್ಕಿಯ ಕಾಲೇಜಿನಲ್ಲಿ ಜೊತೆಯ ಉಪನ್ಯಾಸಕಿ ಕೇಳಿದಳು. ವಸ್ತು ಚೆನ್ನಾಗಿದೆ, ಕಾರಿದ್ದರೆ ತಗೋ ಎಂದೆ.

ಹೋದ ವಾರ ಬೋರ್ಡಿನ ಮೇಲ್ತುದಿಗೆ ಬರೆಯಲು ಹೋದಾಗ ಕೈ ಮತ್ತೆ ಕಿವಿಯ ಹತ್ತಿರ ನಿಂತಿತು. ಮನೆಗೆ ಬಂದು ಹೇಳಿದೆ. ಮನೆಯವರು ಚೀಲ ಎತ್ತಿ ನೋಡಿದರು, ಕೆಳಗಿಟ್ಟರು, ಮತ್ತೊಮ್ಮೆ ಎತ್ತಿದರು.

"ನಾಳೆ ಗಿರಣಿಗೆ ತಗೊಂಡ್ ಬಾ, ಕಾಂಟಾಕ್ಕ ಹಾಕಿ ನೋಡೂಣು. ಹಳೇದಕ್ಕೂ ಇದಕ್ಕೂ ಎಷ್ಟು ಫರಕ್ ಐತಿ ಗೊತ್ತಾಗ್ತದ."

"ಬ್ಯಾಡ್ರಿ," ಎಂದೆ, "ಹೆಗಲಿಗೆ ಗೊತ್ತಾಗೈತಿ."